ಎರೆಭೂಮಿಯಲ್ಲಿ ಡೀಸೆಲ್ ಫೋರ್ ವೀಲ್ ಡ್ರೈವ್: ಲಕ್ಷಣ ನೋಡಿ ದೋಷ ಹಿಡಿಯುವ ಕೈಪಿಡಿ

ಮೂರು ಮಳೆಗಾಲಗಳ ಹಿಂದೆ ಜೇವರ್ಗಿ ಕಡೆಯ ಹೊಲವೊಂದರಿಂದ ಸಂಜೆಯ ಮಳೆಯಲ್ಲಿ ಹೊರಬಂದ ನನ್ನ ಗಾಡಿ, ಮರುದಿನ ಹುಮನಾಬಾದ ದಾರಿಯಲ್ಲಿ ಗಂಟೆಗೆ ಎಪ್ಪತ್ತು ಕಿಲೋಮೀಟರ್ ದಾಟಿದೊಡನೆ ಸ್ಟೀರಿಂಗ್ ಹಿಡಿಯಲಾಗದಷ್ಟು ನಡುಗತೊಡಗಿತು. ಮೊದಲು ತೋರಿಸಿದ ಗ್ಯಾರೇಜಿನಲ್ಲಿ ಪ್ರೊಪೆಲ್ಲರ್ ಶಾಫ್ಟಿನ (ಎಂಜಿನ್ನಿನ ಶಕ್ತಿಯನ್ನು ಗಾಲಿಯ ಕಡೆ ಒಯ್ಯುವ ದಂಡ) ಕೀಲುಗಳಾದ ಎರಡು ಕ್ರಾಸ್‌ಗಳನ್ನು ಬದಲಿಸಿದರು, ನಡುಕ ಹೋಗಲಿಲ್ಲ. ಬಳಿಕ ಸ್ಟೀರಿಂಗನ್ನು ಗಾಲಿಗೆ ಜೋಡಿಸುವ ಎರಡು ಟೈ ರಾಡ್ ತುದಿಗಳು ಬದಲಾದವು. ನಡುಕ ಹಾಗೆಯೇ ಇತ್ತು. ಕೊನೆಗೆ ಪಂಕ್ಚರ್ ಅಂಗಡಿಯ ಹುಡುಗನೊಬ್ಬ ಮುಂದಿನ ಗಾಲಿ ಬಿಚ್ಚಿ, ರಿಮ್ಮಿನ ಒಳಮೈಗೆ ಮೆತ್ತಿ ಇಟ್ಟಿಗೆಯಂತೆ ಗಟ್ಟಿಯಾಗಿದ್ದ ಮಣ್ಣಿನ ಹೆಂಟೆಯನ್ನು ಸ್ಕ್ರೂಡ್ರೈವರಿನಿಂದ ಕಿತ್ತು ತೋರಿಸಿದ. "ಸಾಹೇಬ್ರೆ, ಗಾಡಿಗಿ ಏನೂ ಆಗಿಲ್ರಿ, ಗಾಲ್ಯಾಗ ರಾಡಿ ಒಣಗ್ಯದ" ಎಂದ. ಅವನು ತೆಗೆದುಕೊಂಡದ್ದು ಗಾಲಿ ಬಿಚ್ಚಿ ಹಾಕಿದ ಕೂಲಿ ಮಾತ್ರ.

ಬದಲಾದ ಆ ನಾಲ್ಕು ಭಾಗಗಳೂ ನಿರಪರಾಧಿಗಳು. ನನ್ನ 2014ರ ಗಾಡಿಯ ಮತ್ತು ತಮ್ಮನ 2021ರ ಗಾಡಿಯ ಬಿಲ್ಲುಗಳನ್ನು ಒಟ್ಟಿಗೆ ಹರಡಿಕೊಂಡು ನೋಡಿದಾಗ ಇಂಥ ನಿರಪರಾಧಿಗಳು ಇನ್ನೂ ಹಲವು ಸಿಕ್ಕವು. ಕಲಬುರಗಿ, ಬೀದರ್, ಯಾದಗಿರಿ ಸೀಮೆಯಲ್ಲಿ ಡೀಸೆಲ್ ಗಾಡಿಯ ಹೆಚ್ಚಿನ ತೊಂದರೆಗಳು ದೂಳು, ಎರೆಮಣ್ಣು, ಗಡಸು ನೀರು ಮತ್ತು ಬಿಸಿಲಿನಿಂದ ಹುಟ್ಟುತ್ತವೆ. ಅವನ್ನು ಪತ್ತೆಹಚ್ಚುವ ಮೊದಲ ಪರೀಕ್ಷೆಗಳಿಗೆ ಹಣವೇ ಬೇಕಾಗುವುದಿಲ್ಲ. ಆದ್ದರಿಂದ ಈ ಬರಹವು ಭಾಗಗಳ ಹೆಸರಿನಿಂದ ಹೊರಡದೆ, ಚಾಲಕನ ಕಣ್ಣು, ಕಿವಿ, ಮೂಗಿಗೆ ಬೀಳುವ ಲಕ್ಷಣಗಳಿಂದ ಹೊರಡುತ್ತದೆ. ಇಲ್ಲಿ ಹೇಳಿರುವುದು ಉಕ್ಕಿನ ಚಾಸಿಯ ಮೇಲೆ ಕಟ್ಟಿದ, ಬೇಕಾದಾಗ ಮಾತ್ರ ನಾಲ್ಕು ಗಾಲಿಗೆ ಶಕ್ತಿ ಕೊಡುವ, ಕಾಮನ್ ರೈಲ್ (ಎಲ್ಲ ಸಿಲಿಂಡರಿಗೂ ಅಧಿಕ ಒತ್ತಡದ ಒಂದೇ ಕೊಳವೆಯಿಂದ ಡೀಸೆಲ್ ಹಂಚುವ) ಡೀಸೆಲ್ ಎಂಜಿನ್ನಿನ ಗಾಡಿಗಳಿಗೆ ಅನ್ವಯಿಸುತ್ತದೆ.

ಕೈ ಹಾಕುವ ಮೊದಲು

ಒಂದು ಮಲ್ಟಿಮೀಟರ್, ಟೈರಿನ ಹವಾ ಅಳೆಯುವ ಗೇಜು, ಟಾರ್ಚು, ಒಂದು ಲೀಟರಿನ ಪಾರದರ್ಶಕ ಬಾಟಲಿ, ದಪ್ಪ ಹಲಗೆಯ ತುಂಡು ಮತ್ತು ಗಾಲಿಗೆ ಒಡ್ಡಲು ಎರಡು ಕಲ್ಲು ಇದ್ದರೆ ಇಲ್ಲಿನ ಮುಕ್ಕಾಲು ಪರೀಕ್ಷೆಗಳು ಮನೆಯಂಗಳದಲ್ಲಿಯೇ ಮುಗಿಯುತ್ತವೆ. ಮೊಬೈಲಿಗೆ ಜೋಡಿಸಿಕೊಳ್ಳುವ ಗಾಡಿಯ ಕಂಪ್ಯೂಟರಿನ ದೋಷಕೋಡು ಓದುವ ಸಣ್ಣ ಓಬಿಡಿ ಸಾಧನವೂ ಉಪಯುಕ್ತವೇ, ಆದರೆ ಅದು ತೋರಿಸುವ ಕೋಡು ದೂರು ಎಲ್ಲಿಂದ ಬಂದಿದೆ ಎಂಬುದನ್ನು ತಿಳಿಸುತ್ತದೆಯೇ ಹೊರತು ತಪ್ಪು ಯಾರದೆಂದು ತೀರ್ಪು ಕೊಡುವುದಿಲ್ಲ.

ಎರೆಮಣ್ಣಿನ ಮೇಲೆ ಜಾಕನ್ನು ನೇರವಾಗಿ ಇಡಬಾರದು. ಮೇಲ್ಪದರ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ, ಜಾಕು ಹೂತು ಗಾಡಿ ವಾಲುತ್ತದೆ. ಹಲಗೆ ಹಾಕಿ, ಎದುರು ಗಾಲಿಗೆ ಕಲ್ಲು ಒಡ್ಡಿ ಎತ್ತಬೇಕು, ಮತ್ತು ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಎಂದಿಗೂ ನುಸುಳಬಾರದು. ಒಂದು ಗಾಲಿ ಮಾತ್ರ ಎತ್ತಿದಾಗ ಎಂಜಿನ್ ಚಾಲೂ ಮಾಡಿ ಗೇರಿಗೆ ಹಾಕಿದರೆ, ಫೋರ್ ವೀಲ್ ಡ್ರೈವ್ ಗಾಡಿಯು ನೆಲದ ಮೇಲಿರುವ ಗಾಲಿಗಳಿಂದಲೇ ಜಾಕಿನಿಂದ ಹಾರಿ ಮುಂದಕ್ಕೆ ನುಗ್ಗಬಹುದು.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆಯೊಂದಿದೆ. ಹಳೆಯ ಜೀಪಿನ ಕಾಲದ ಮಿಸ್ತ್ರಿಗಳು ಎಂಜಿನ್ ಓಡುತ್ತಿರುವಾಗಲೇ ಒಂದೊಂದು ನಾಝಲ್ ಪೈಪಿನ ನಟ್ಟು ಸಡಿಲಿಸಿ ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಎಂದು ನೋಡುತ್ತಿದ್ದರು. ಕಾಮನ್ ರೈಲ್ ಎಂಜಿನ್ನಿನಲ್ಲಿ ಇದನ್ನು ಮಾಡಲೇಬಾರದು. ಆ ಪೈಪಿನಲ್ಲಿ ಒತ್ತಡ 1,600 ಬಾರ್ ಮತ್ತು ಅದಕ್ಕೂ ಮೇಲೆ ಹೋಗುತ್ತದೆ. ಸೂಜಿಮೊನೆಯಷ್ಟು ಸಂದಿನಿಂದ ಚಿಮ್ಮಿದ ಡೀಸೆಲ್ ಚರ್ಮ ಸೀಳಿ ಒಳಕ್ಕೆ ಇಳಿಯುತ್ತದೆ. ಹೊರಗೆ ಕಾಣುವುದು ಮುಳ್ಳು ಚುಚ್ಚಿದಷ್ಟು ಗಾಯವಾದರೂ ಒಳಗೆ ಅಂಗಾಂಶ ಕೊಳೆಯುತ್ತದೆ. ಹಾಗಾದರೆ ನೋವಿಲ್ಲವೆಂದು ಮನೆಯಲ್ಲಿ ಕೂರದೆ, ಏನು ತಗುಲಿತೆಂದು ವೈದ್ಯರಿಗೆ ಸ್ಪಷ್ಟವಾಗಿ ಹೇಳಿ ತಕ್ಷಣ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಬೇಕು.

ಕೀ ತಿರುಗಿಸಿದರೆ 'ಟಕ್' ಎಂದು ಸುಮ್ಮನಾಗುತ್ತದೆ, ಅಥವಾ ಎಂಜಿನ್ ನಿಧಾನವಾಗಿ ಉರುಳುತ್ತದೆ

ಇದು ಬಹುಪಾಲು ವಿದ್ಯುತ್ತಿನ ಸಮಸ್ಯೆ. ಮೊದಲು ಬ್ಯಾಟರಿಯ ಟರ್ಮಿನಲ್ಲುಗಳನ್ನು ನೋಡಿ; ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಬಿಸಿನೀರು ಹಾಕಿ ತೊಳೆದು, ಒರೆಸಿ, ಬಿಗಿಮಾಡಿ. ನಂತರ ಬ್ಯಾಟರಿಯಿಂದ ಚಾಸಿಗೆ ಮತ್ತು ಚಾಸಿಯಿಂದ ಎಂಜಿನ್ನಿಗೆ ಹೋಗುವ ಅರ್ಥಿಂಗ್ ಪಟ್ಟಿಯನ್ನು ನೋಡಿ. ಗದ್ದೆಯ ಕೆಸರಿನಲ್ಲಿ ಓಡಾಡುವ ಶಹಾಪುರ, ಸುರಪುರ ಕಡೆಯ ಗಾಡಿಗಳಲ್ಲಿ ಈ ಪಟ್ಟಿಯ ಬೋಲ್ಟು ತುಕ್ಕು ಹಿಡಿದು, ಹೊಸ ಬ್ಯಾಟರಿ ಹಾಕಿದ ಮೇಲೂ ಅದೇ ತೊಂದರೆ ಮುಂದುವರಿಯುವುದುಂಟು.

ಮಲ್ಟಿಮೀಟರಿನಲ್ಲಿ ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಅದು ತುಂಬಿದೆ, 12.2 ಎಂದರೆ ಅರ್ಧ ಖಾಲಿ. ಒಬ್ಬರು ಸೆಲ್ಫ್ ಹೊಡೆಯುವಾಗ ಇನ್ನೊಬ್ಬರು ಮೀಟರ್ ನೋಡಲಿ: ಒಂಬತ್ತೂವರೆ ವೋಲ್ಟಿಗಿಂತ ಕೆಳಗೆ ಕುಸಿದರೆ ಬ್ಯಾಟರಿ ದುರ್ಬಲವಾಗಿದೆ, ವೋಲ್ಟೇಜು ಕುಸಿಯದೆಯೂ ಬರೀ 'ಟಕ್' ಸದ್ದು ಬಂದರೆ ಸೆಲ್ಫಿನ ಸಾಲಿನಾಯ್ಡ್ (ಸೆಲ್ಫಿಗೆ ವಿದ್ಯುತ್ ಹರಿಸುವ ಸ್ವಿಚ್ಚು) ಅಥವಾ ಅದರ ತಂತಿಯ ಕಡೆ ನೋಡಬೇಕು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4ರ ನಡುವೆ ಇರಬೇಕು. ಇಲ್ಲದಿದ್ದರೆ ಡೈನಮೊ ಅಥವಾ ಅದರ ಬೆಲ್ಟು ಪರೀಕ್ಷಿಸಿ. ನಮ್ಮಲ್ಲಿ ಬ್ಯಾಟರಿಯನ್ನು ಕೊಲ್ಲುವುದು ಚಳಿಯಲ್ಲ, ಏಪ್ರಿಲ್ ಮೇ ತಿಂಗಳ ಬಿಸಿಲು. ಬೇಸಿಗೆಯಲ್ಲಿ ಸತ್ತದ್ದು ಬೀದರಿನ ಡಿಸೆಂಬರ್ ಮುಂಜಾವಿನಲ್ಲಿ ಗೊತ್ತಾಗುತ್ತದೆ, ಅಷ್ಟೆ.

ಎಂಜಿನ್ ಚೆನ್ನಾಗಿ ತಿರುಗುತ್ತದೆ, ಆದರೆ ಸ್ಟಾರ್ಟ್ ಆಗುವುದಿಲ್ಲ

ಇಲ್ಲಿ ತಾಳ್ಮೆ ಬೇಕು, ಏಕೆಂದರೆ ಅತಿ ದೊಡ್ಡ ಬಿಲ್ಲುಗಳು ಈ ಲಕ್ಷಣದಿಂದಲೇ ಆರಂಭವಾಗುತ್ತವೆ.

ಮೊದಲ ಪ್ರಶ್ನೆ, ಡೀಸೆಲ್ ಇದೆಯೇ? ಕೆಸರಿನ ಏರಿನಲ್ಲಿ ವಾಲಿ ನಿಂತ ಗಾಡಿಯಲ್ಲಿ ಮುಳ್ಳು ಕಾಲುಭಾಗ ತೋರಿಸಿದರೂ ಪೈಪಿನ ಬಾಯಿಗೆ ಡೀಸೆಲ್ ಸಿಗದೆ ಹೋಗಬಹುದು. ಎರಡನೆಯದು, ಕೀ ಹಾಕಿದಾಗ ಬೀಗದ ಚಿಹ್ನೆಯ ದೀಪ ಮಿಣುಕುತ್ತಿದೆಯೇ? ಹಾಗಿದ್ದರೆ ಅದು ಕೀಯ ದೋಷ; ಇನ್ನೊಂದು ಕೀ ಹಾಕಿ ನೋಡಿ. ಮೂರನೆಯದು, ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಸ್ವಲ್ಪವಾದರೂ ಏಳುತ್ತದೆಯೇ? ಹಲವು ಗಾಡಿಗಳಲ್ಲಿ ಮುಳ್ಳು ಸೊನ್ನೆಯಲ್ಲೇ ಸತ್ತಂತೆ ಬಿದ್ದಿದ್ದರೆ ಎಂಜಿನ್ನಿನ ತಿರುಗುವಿಕೆ ಅಳೆಯುವ ಕ್ರ್ಯಾಂಕ್ ಸೆನ್ಸರಿನ ಮೇಲೆ ಅನುಮಾನ ಪಡಬೇಕು. ಅದರ ಪ್ಲಗ್ಗಿಗೆ ಮಣ್ಣು, ಇಲಿಯ ಹಲ್ಲು, ನೀರು ಯಾವುದಾದರೂ ತಾಗಿರಬಹುದು. ತೊಗರಿ ರಾಶಿಯ ಕಾಲದಲ್ಲಿ ಕಣದ ಪಕ್ಕ ನಿಲ್ಲಿಸಿದ ಗಾಡಿಯಲ್ಲಿ ಇಲಿ ಕಡಿದ ತಂತಿಯನ್ನು ನಾನೇ ಎರಡು ಸಲ ಕಂಡಿದ್ದೇನೆ.

ಇವೆಲ್ಲ ಸರಿಯಿದ್ದರೆ ಡೀಸೆಲ್ ಫಿಲ್ಟರಿನ ಕಡೆ ತಿರುಗಿ. ಅದರ ಕೆಳಗಿನ ತಿರುಪನ್ನು ಸಡಿಲಿಸಿ ಸುಮಾರು ಕಾಲು ಲೀಟರನ್ನು ಪಾರದರ್ಶಕ ಬಾಟಲಿಗೆ ಇಳಿಸಿ, ಹತ್ತು ನಿಮಿಷ ಅಲುಗಿಸದೆ ಇಡಿ. ನೀರು ಡೀಸೆಲ್‌ಗಿಂತ ಭಾರ. ತಳದಲ್ಲಿ ಗೆರೆ ಎಳೆದಂತೆ ಬೇರೆಯಾಗಿ ನಿಲ್ಲುತ್ತದೆ. ಹೊಲದ ಮನೆಯಲ್ಲಿ ಟ್ರ್ಯಾಕ್ಟರಿಗೆಂದು ಪೀಪಾಯಿಯಲ್ಲಿಟ್ಟ ಡೀಸೆಲನ್ನು ಅವಸರಕ್ಕೆ ಈ ಗಾಡಿಗೆ ಹೊಯ್ಯುವ ರೂಢಿ ನಮ್ಮಲ್ಲಿದೆ; ಅರ್ಧ ಖಾಲಿಯಾದ ಪೀಪಾಯಿಯ ಒಳಗೋಡೆಯಲ್ಲಿ ರಾತ್ರಿಯ ತಂಪಿಗೆ ನೀರು ಹನಿಗಟ್ಟಿ ತಳ ಸೇರುತ್ತದೆ. ಹಳೆಯ ಟ್ರ್ಯಾಕ್ಟರಿನ ಪಂಪು ಸಹಿಸಿಕೊಳ್ಳುವ ಆ ನೀರನ್ನು ಕಾಮನ್ ರೈಲ್ ಪಂಪು ಸಹಿಸುವುದಿಲ್ಲ, ಏಕೆಂದರೆ ಅದರ ಒಳಭಾಗಗಳಿಗೆ ಡೀಸೆಲೇ ಎಣ್ಣೆ. ಬಾಟಲಿಯಲ್ಲಿ ನೀರು ಕಂಡರೆ ಪೂರ್ತಿ ಹೋಗುವವರೆಗೆ ಇಳಿಸಿ, ಫಿಲ್ಟರ್ ಬದಲಿಸಿ, ಕೈಪಂಪು ಗಟ್ಟಿಯಾಗುವವರೆಗೆ ಒತ್ತಿ ಗಾಳಿ ತೆಗೆಯಿರಿ. ಎಷ್ಟು ಒತ್ತಿದರೂ ಕೈಪಂಪು ಮೆತ್ತಗೇ ಇದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ; ಫಿಲ್ಟರಿನ ರಬ್ಬರ್ ಉಂಗುರ ಮತ್ತು ಪೈಪಿನ ಕ್ಲಿಪ್ಪುಗಳನ್ನು ನೋಡಿ. ಬಾಟಲಿಯಲ್ಲಿ ಟಾರ್ಚು ಬಿಟ್ಟಾಗ ಲೋಹದ ಚೂರು ಮಿನುಗಿದರೆ ಅಲ್ಲಿಗೆ ನಿಲ್ಲಿಸಿ. ಹೈ ಪ್ರೆಷರ್ ಪಂಪು ಸವೆದು ತನ್ನ ಚೂರುಗಳನ್ನು, ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳಿಗೂ ಕಳಿಸಿದೆ ಎಂದು ಅದರ ಅರ್ಥ, ಮತ್ತೆ ಮತ್ತೆ ಸೆಲ್ಫ್ ಹೊಡೆದರೆ ಹಾನಿ ಹೆಚ್ಚುತ್ತದೆ.

ಗ್ಯಾರೇಜಿನಲ್ಲಿ "ನಾಲ್ಕೂ ಇಂಜೆಕ್ಟರ್ ಹೋಗಿವೆ" ಎಂದಾಗ ಒಪ್ಪುವ ಮೊದಲು ರಿಟರ್ನ್ ಪರೀಕ್ಷೆ ಮಾಡಿಸಿ. ಪ್ರತಿ ಇಂಜೆಕ್ಟರಿನಿಂದ ಹಿಂದಿರುಗುವ ಡೀಸೆಲನ್ನು ಬೇರೆ ಬೇರೆ ಸೀಸೆಗೆ ಹಿಡಿದು ಹೋಲಿಸುವ ಸರಳ ಪರೀಕ್ಷೆಯದು. ಯಾವುದು ಉಳಿದವಕ್ಕಿಂತ ತೀರ ಹೆಚ್ಚು ಸುರಿಯುತ್ತದೋ ಅದು ಅಪರಾಧಿ. ನಾಲ್ಕರ ಬದಲು ಒಂದನ್ನು ದುರಸ್ತಿಗೆ ಕಳಿಸಿದರೆ ಹತ್ತಾರು ಸಾವಿರ ಉಳಿಯುತ್ತದೆ. ಹೊಸ ಇಂಜೆಕ್ಟರ್ ಕೂರಿಸಿದ ಮೇಲೆ ಅದರ ಮೈಮೇಲಿನ ಕೋಡನ್ನು ಕಂಪ್ಯೂಟರಿಗೆ ತುಂಬಿದರೇ ಎಂದೂ ಕೇಳಿ; ತುಂಬದಿದ್ದರೆ ಹೊಸದೂ ಹಳೆಯದರಂತೆ ಕಟಕಟಿಸುತ್ತದೆ.

ಇನ್ನೊಂದು ಮಾತು: ಸೆಲ್ಫ್ ಹೊಡೆದಾಗ ಎಂಜಿನ್ ಎಂದಿಗಿಂತ ಹಗುರವಾಗಿ, ಏರಿಳಿತವೇ ಇಲ್ಲದೆ ಗರ್‌ರ್ ಎಂದು ತಿರುಗಿದರೆ ಟೈಮಿಂಗ್ ಬೆಲ್ಟು ಅಥವಾ ಚೈನು ಹರಿದಿರಬಹುದು. ಆಗ ಎರಡನೆಯ ಸಲ ಕೀ ತಿರುಗಿಸಬಾರದು, ಟೋ ಮಾಡಿಸಬೇಕು.

ಪಿಕಪ್ ಇಲ್ಲ, ಏರಿನಲ್ಲಿ ಉಸಿರುಗಟ್ಟುತ್ತದೆ

ಏರ್ ಫಿಲ್ಟರ್ ತೆಗೆದು ನೋಡುವುದು ಎರಡು ನಿಮಿಷದ ಕೆಲಸ. ಸೇಡಂ, ವಾಡಿ, ಶಹಾಬಾದ ಸುತ್ತಿನ ಸಿಮೆಂಟ್ ಮತ್ತು ಫರಸಿ ಗಣಿಗಳ ದೂಳಿನಲ್ಲಿ ಓಡುವ ಗಾಡಿಗೆ ಕಂಪನಿಯ ಪುಸ್ತಕದಲ್ಲಿ ಬರೆದ ಕಿಲೋಮೀಟರ್ ಲೆಕ್ಕ ಅನ್ವಯಿಸುವುದಿಲ್ಲ. ಅದೇ ಪುಸ್ತಕದಲ್ಲಿ ದೂಳಿನ ಪ್ರದೇಶಕ್ಕೆ ಬೇರೆ ಸೂಚನೆ ಇರುತ್ತದೆ, ಅದನ್ನು ಓದಿ. ಫಿಲ್ಟರಿಗೆ ಗಾಳಿ ಹೊಡೆಯುವುದಾದರೆ ಒಳಗಿನಿಂದ ಹೊರಕ್ಕೆ, ಕಡಿಮೆ ಒತ್ತಡದಲ್ಲಿ ಹೊಡೆಯಿರಿ. ಪಂಕ್ಚರ್ ಅಂಗಡಿಯ ಕಂಪ್ರೆಸರಿನ ಪೂರ್ತಿ ರಭಸ ಕಾಗದವನ್ನು ಕಣ್ಣಿಗೆ ಕಾಣದಂತೆ ತೂತು ಮಾಡುತ್ತದೆ, ಆಮೇಲೆ ಆ ದೂಳೆಲ್ಲ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ರೆಕ್ಕೆಯನ್ನೂ ಸಿಲಿಂಡರನ್ನೂ ತೇಯುತ್ತದೆ. ಫಿಲ್ಟರಿನಿಂದ ಟರ್ಬೊಗೆ ಹೋಗುವ ಪೈಪಿನ ಒಳಗೆ ಬೆರಳಾಡಿಸಿ. ಮಣ್ಣು ಅಂಟಿದರೆ ಫಿಲ್ಟರ್ ಸೋರುತ್ತಿದೆ ಅಥವಾ ಸರಿಯಾಗಿ ಕುಳಿತಿಲ್ಲ. ಡಬ್ಬಿಯ ಕ್ಲಿಪ್ಪು ಮುರಿದಿದೆ ಎಂದು ತಂತಿ ಸುತ್ತಿ ವರ್ಷಗಟ್ಟಲೆ ಓಡಿಸುವವರನ್ನು ನಾನು ಬಲ್ಲೆ. ಆ ತಂತಿಯೇ ಲಕ್ಷ ರೂಪಾಯಿಯ ಎಂಜಿನ್ ಕೆಲಸಕ್ಕೆ ಮುನ್ನುಡಿ.

ಫಿಲ್ಟರ್ ಶುದ್ಧವಿದ್ದೂ ಎಳೆತ ಇಲ್ಲದಿದ್ದರೆ ಟರ್ಬೊ ಗಾಳಿಯ ದಾರಿ ಹಿಡಿಯಿರಿ. ಆ ಗಾಳಿಯನ್ನು ತಂಪುಮಾಡುವ ಇಂಟರ್‌ಕೂಲರಿನ ರಬ್ಬರ್ ಹೋಸುಗಳು ಬಿಸಿಲಿಗೆ ಬಿರಿಯುತ್ತವೆ. ಆಕ್ಸಿಲರೇಟರ್ ಒತ್ತಿದಾಗ 'ಸುಸ್' ಎಂಬ ಸದ್ದು, ಕಪ್ಪು ಹೊಗೆ ಮತ್ತು ಹೋಸಿನ ಸೇರುವೆಯಲ್ಲಿ ಎಣ್ಣೆಯ ಜಿಡ್ಡು, ಈ ಮೂರೂ ಕೂಡಿ ಕಂಡರೆ ಹೋಸು ಸೀಳಿದೆ ಅಥವಾ ಕ್ಲಾಂಪು ಸಡಿಲಾಗಿದೆ. ಇದನ್ನು ಟರ್ಬೊ ದೋಷವೆಂದು ತಪ್ಪಾಗಿ ತಿಳಿಯುವುದು ಬಹಳ. ಟರ್ಬೊ ಬಿಚ್ಚಿಸುವ ಮೊದಲು ಅದರ ವ್ಯಾಕ್ಯೂಮ್ ಕೊಳವೆಗಳನ್ನೂ ನೋಡಿಸಿ. ಬೆರಳಿನಷ್ಟು ದಪ್ಪವಿಲ್ಲದ ಕೊಳವೆ ಬಿರಿದರೂ ಟರ್ಬೊ ಅರ್ಧ ಕೆಲಸ ನಿಲ್ಲಿಸುತ್ತದೆ.

ಎಂಜಿನ್ ಒಂದು ಮಿತಿಯ ಮೇಲೆ ಆರ್‌ಪಿಎಂ ಏರುವುದೇ ಇಲ್ಲ, ಎಂಜಿನ್ ದೀಪ ಹತ್ತಿದೆ, ಆದರೆ ಆರಿಸಿ ಮತ್ತೆ ಹಚ್ಚಿದರೆ ಸ್ವಲ್ಪ ಹೊತ್ತು ಸರಿಯಿರುತ್ತದೆ ಎಂದರೆ ಕಂಪ್ಯೂಟರ್ ತಾನಾಗಿಯೇ ಶಕ್ತಿ ತಗ್ಗಿಸಿ ಎಂಜಿನ್ನನ್ನು ಕಾಯುತ್ತಿದೆ. ಕೋಡು ಓದಿಸದೆ ಬ್ಯಾಟರಿ ಬಿಚ್ಚಿ ಅಳಿಸುವುದು ಸಾಕ್ಷ್ಯ ನಾಶ ಮಾಡಿದಂತೆ.

ಆರ್‌ಪಿಎಂ ಏರುತ್ತದೆ, ವೇಗ ಮಾತ್ರ ಏರುವುದಿಲ್ಲ, ಸುಟ್ಟ ವಾಸನೆ ಬರುತ್ತದೆ ಎಂದರೆ ಎಂಜಿನ್ನಿಗೆ ದೋಷವಿಲ್ಲ, ಕ್ಲಚ್ಚು ಜಾರುತ್ತಿದೆ. ರಾಡಿಯಲ್ಲಿ ಸಿಕ್ಕ ಗಾಡಿಯನ್ನು ಹೈ ರೇಂಜಿನಲ್ಲಿ (ಸಾಮಾನ್ಯ ಓಟದ ಗೇರು ಸಾಲು) ಅರ್ಧ ಕ್ಲಚ್ಚಿನ ಮೇಲೆ ಕುಣಿಸಿದವರಿಗೆ ಈ ಬಿಲ್ಲು ಬೇಗ ಬರುತ್ತದೆ. ವೇಗ ತಗ್ಗಿಸಿ ಎಳೆತ ಹೆಚ್ಚಿಸುವ ಲೋ ರೇಂಜ್ ಇರುವುದೇ ಕ್ಲಚ್ಚು ಸುಡದೆ ನಿಧಾನವಾಗಿ ಹೊರಬರಲೆಂದು.

ಹೊಗೆಯ ಬಣ್ಣ

ಕಪ್ಪು ಹೊಗೆ ಎಂದರೆ ಡೀಸೆಲ್‌ಗೆ ಸಾಲುವಷ್ಟು ಗಾಳಿ ಇಲ್ಲ. ಮೇಲಿನ ವಿಭಾಗದ ಪರೀಕ್ಷೆಗಳನ್ನೇ ಮಾಡಿ, ಬಳಿಕ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಇಜಿಆರ್ ಕವಾಟದಲ್ಲಿ ಮಸಿ ಕಟ್ಟಿದೆಯೇ ನೋಡಿಸಿ. ಬಿಳಿ ಹೊಗೆಗೆ ಎರಡು ಅರ್ಥಗಳಿವೆ, ಮೂಗು ಅವನ್ನು ಬೇರ್ಪಡಿಸುತ್ತದೆ. ಕಣ್ಣು ಉರಿಸುವ ಹಸಿ ಡೀಸೆಲ್ ವಾಸನೆಯಿದ್ದು, ಮುಂಜಾನೆ ಮಾತ್ರ ಬಂದು ಎಂಜಿನ್ ಬಿಸಿಯಾದ ಮೇಲೆ ಹೋದರೆ ದೋಷ ಹೀಟರ್ ಪ್ಲಗ್ (ತಣ್ಣನೆಯ ಸಿಲಿಂಡರನ್ನು ಬಿಸಿಮಾಡುವ ಕಡ್ಡಿ) ಅಥವಾ ಇಂಜೆಕ್ಟರಿನದು. ಸಿಹಿ ವಾಸನೆಯಿದ್ದು, ಬಿಸಿಯಾದ ಮೇಲೂ ನಿಲ್ಲದೆ, ಕೂಲಂಟ್ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಇಜಿಆರ್ ಕೂಲರ್ ಸೋರುತ್ತಿದೆ. ಅಂಥ ಗಾಡಿಯನ್ನು ಓಡಿಸಬಾರದು.

ನೀಲಿ ಹೊಗೆ ಎಣ್ಣೆ ಸುಡುವ ಗುರುತು. ಎಂಜಿನ್ ನಿಧಾನಗತಿಯಲ್ಲಿರುವಾಗ ಎಣ್ಣೆಯ ಮುಚ್ಚಳವನ್ನು ಎಚ್ಚರದಿಂದ ಸಡಿಲಿಸಿ ನೋಡಿ. ಸ್ವಲ್ಪ ಆವಿ ಸಹಜ, ರಭಸದಿಂದ ಹೊಗೆ ಉಗುಳಿ ಮುಚ್ಚಳ ಕುಣಿದರೆ ಪಿಸ್ಟನ್ ರಿಂಗುಗಳು ಸವೆದಿವೆ. ಮುಚ್ಚಳ ಶಾಂತವಾಗಿದ್ದೂ ನೀಲಿ ಹೊಗೆ ಬಂದರೆ ಟರ್ಬೊ ಸೀಲಿನ ಕಡೆ ಅನುಮಾನ ಇರಲಿ. ಮೊದಲನೆಯದರ ಖರ್ಚು ಲಕ್ಷದ ಹತ್ತಿರ ಹೋಗಬಹುದು, ಎರಡನೆಯದು ಹತ್ತಾರು ಸಾವಿರದಲ್ಲಿ ನಿಲ್ಲುತ್ತದೆ. ಈ ಒಂದು ಪರೀಕ್ಷೆ ಮಾಡದೆ ಎಂಜಿನ್ ಇಳಿಸಲು ಒಪ್ಪಬೇಡಿ.

ಟರ್ಬೊ ಸೀಲು ಪೂರ್ತಿ ಹರಿದರೆ ಎಂಜಿನ್ ತನ್ನದೇ ಎಣ್ಣೆಯನ್ನು ಕುಡಿದು, ದಟ್ಟ ಹೊಗೆಯೊಂದಿಗೆ ತಾನೇ ತಾನಾಗಿ ಕಿರುಚುತ್ತ ಓಡಬಹುದು; ಕೀ ತೆಗೆದರೂ ನಿಲ್ಲುವುದಿಲ್ಲ. ಕೈಗೇರಿನ ಗಾಡಿಯಾದರೆ ಬ್ರೇಕನ್ನು ಬಲವಾಗಿ ತುಳಿದು, ಅತಿ ಮೇಲಿನ ಗೇರಿಗೆ ಹಾಕಿ ಕ್ಲಚ್ಚು ಬಿಟ್ಟು ಎಂಜಿನ್ ಬಂದ್ ಮಾಡಬೇಕು. ಆಗದಿದ್ದರೆ ಎಲ್ಲರೂ ಇಳಿದು ದೂರ ಸರಿಯಿರಿ. ಗಾಳಿಯ ಪೈಪಿಗೆ ಕೈ ಅಡ್ಡ ಹಿಡಿಯುವ ಸಾಹಸ ಬೇಡ.

ಡಿಪಿಎಫ್ ಅಥವಾ ಯೂರಿಯಾ ದೀಪ ಹತ್ತಿದೆ

2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್-6 (ಭಾರತ್ ಸ್ಟೇಜ್ 6) ಹೊಗೆ ನಿಯಮ ಜಾರಿಗೆ ಬಂದ ಮೇಲಿನ ಗಾಡಿಗಳಿಗೆ ಈ ವಿಭಾಗ ಸಂಬಂಧಿಸಿದೆ. ನನ್ನ ಹಳೆಯ ಗಾಡಿಗೆ ಈ ಚಿಂತೆಯಿಲ್ಲ, ತಮ್ಮನಿಗಿದೆ. ಸೈಲೆನ್ಸರಿನ ದಾರಿಯಲ್ಲಿರುವ ಡಿಪಿಎಫ್ (ಡೀಸೆಲ್ ಪಾರ್ಟಿಕ್ಯುಲೇಟ್ ಫಿಲ್ಟರ್) ಮಸಿಯನ್ನು ಹಿಡಿದಿಟ್ಟುಕೊಂಡು, ತುಂಬಿದಾಗ ಸುಮಾರು 600 ಡಿಗ್ರಿ ಶಾಖದಲ್ಲಿ ಸುಟ್ಟುಕೊಳ್ಳುತ್ತದೆ. ಸೂಪರ್ ಮಾರ್ಕೆಟ್‌ನಿಂದ ಬಸ್ ನಿಲ್ದಾಣ, ಅಲ್ಲಿಂದ ಮನೆ ಎಂದು ಊರೊಳಗೇ ತಿರುಗುವ ಗಾಡಿಗೆ ಆ ಶಾಖ ಏರುವ ಅವಕಾಶವೇ ಸಿಗುವುದಿಲ್ಲ. ದೀಪ ಹತ್ತಿದ ಮೊದಲ ದಿನವೇ ಹೆದ್ದಾರಿಯಲ್ಲಿ ಅರವತ್ತಕ್ಕಿಂತ ಮೇಲಿನ ಸಮವೇಗದಲ್ಲಿ ಇಪ್ಪತ್ತು ಮೂವತ್ತು ನಿಮಿಷ ನಿಲ್ಲಿಸದೆ ಓಡಿಸಿದರೆ ಸಾಮಾನ್ಯವಾಗಿ ಆರುತ್ತದೆ. ಕಲಬುರಗಿಯಿಂದ ಕಮಲಾಪುರದ ಕಡೆಗೆ ಒಂದು ಓಟ ಸಾಕು. ದೀಪ ಮಿಣುಕಲು ಆರಂಭಿಸಿದ ಮೇಲೆ, ಅಥವಾ ಎಂಜಿನ್ ದೀಪವೂ ಜೊತೆಗೂಡಿದ ಮೇಲೆ, ಓಡಿಸಿ ಸರಿಮಾಡುವ ಕಾಲ ಮುಗಿದಿರುತ್ತದೆ. ಕಂಪ್ಯೂಟರ್ ಜೋಡಿಸಿ ಸುಡಿಸಬೇಕು.

ಈ ಸುಡುವಿಕೆ ನಡೆಯುವಾಗ ಗಾಡಿಯನ್ನು ಒಣಹುಲ್ಲು, ಕಣಕಿ ಅಥವಾ ತೊಗರಿ ಕಟ್ಟಿಗೆಯ ಮೇಲೆ ನಿಲ್ಲಿಸಬೇಡಿ. ಕೆಳಗಿನ ಕೊಳವೆಯ ಶಾಖಕ್ಕೆ ಬೆಂಕಿ ಹತ್ತಲು ಹೆಚ್ಚು ಹೊತ್ತು ಬೇಡ. ಸುಡುವಿಕೆ ಮತ್ತೆ ಮತ್ತೆ ಅರ್ಧಕ್ಕೆ ನಿಂತರೆ ಉರಿಯದ ಡೀಸೆಲ್ಲು ಹೋಗಿ ಎಂಜಿನ್ನಿನ ಎಣ್ಣೆಯಲ್ಲಿ ಬೆರೆಯುತ್ತದೆ. ಡಿಪ್ ಸ್ಟಿಕ್ಕಿನಲ್ಲಿ ಎಣ್ಣೆ ಕಡಿಮೆಯಾಗುವ ಬದಲು ಮೇಲಿನ ಗೆರೆ ದಾಟಿ ಏರುತ್ತಿದ್ದರೆ ಸಂತೋಷಪಡದೆ ಎಣ್ಣೆ ಬದಲಿಸಿ.

ಹೊಗೆಯ ವಿಷಾನಿಲ ತಗ್ಗಿಸುವ ಯೂರಿಯಾ ದ್ರಾವಣದ ತೊಟ್ಟಿ ಇರುವ ಗಾಡಿಗಳಲ್ಲಿ ಬೇರೊಂದು ಅಪಾಯವಿದೆ. ದ್ರಾವಣದಲ್ಲಿ 32.5 ಶೇಕಡ ಶುದ್ಧ ಯೂರಿಯಾ, ಉಳಿದದ್ದು ಖನಿಜ ತೆಗೆದ ನೀರು. ಇದನ್ನು ಕೇಳಿ, ಮನೆಯಲ್ಲಿರುವ ಗೊಬ್ಬರದ ಚೀಲದಿಂದಲೇ ಕಲಸಿ ಹಾಕೋಣ ಎಂಬ ಆಲೋಚನೆ ನಮ್ಮ ಕಡೆ ಹಲವರಿಗೆ ಬರುತ್ತದೆ. ಹೊಲಕ್ಕೆ ಬರುವ ಯೂರಿಯಾಗೆ ಬೇವಿನ ಎಣ್ಣೆಯ ಲೇಪವಿರುತ್ತದೆ. 2015ರಿಂದ ದೇಶದಲ್ಲಿ ತಯಾರಾಗುವ ಗೊಬ್ಬರದ ಯೂರಿಯಾಗೆಲ್ಲ ಅದು ಕಡ್ಡಾಯ. ಆ ಎಣ್ಣೆ, ಕಶ್ಮಲ ಮತ್ತು ಕೊಳವೆಬಾವಿಯ ಸುಣ್ಣ ಸೇರಿ ಚಿಮ್ಮುವ ನಾಝಲನ್ನೂ ಹೊಗೆ ಶುದ್ಧಮಾಡುವ ಕ್ಯಾಟಲಿಸ್ಟನ್ನೂ ಹಾಳುಮಾಡುತ್ತವೆ. ಉಳಿಸಿದ್ದು ನೂರುಗಳಲ್ಲಿ, ತೆರುವುದು ಲಕ್ಷದ ಲೆಕ್ಕದಲ್ಲಿ. ದ್ರಾವಣವನ್ನು ತಪ್ಪಿ ಡೀಸೆಲ್ ಟ್ಯಾಂಕಿಗೆ ಹೊಯ್ದಿದ್ದರೆ ಕೀಯನ್ನು ಮುಟ್ಟಲೇಬೇಡಿ. ಟ್ಯಾಂಕು ಇಳಿಸಿ ತೊಳೆಸುವವರೆಗೆ ಗಾಡಿ ಅಲ್ಲೇ ನಿಂತಿರಲಿ.

ಉಷ್ಣದ ಮುಳ್ಳು ಏರುತ್ತಿದೆ

ಮುಳ್ಳು ಕೆಂಪಿನ ಹತ್ತಿರ ಬಂದರೆ ಎಸಿ ಆರಿಸಿ, ಹೀಟರನ್ನು ಪೂರ್ತಿ ತೆರೆದು, ನೆರಳು ಸಿಗುವಲ್ಲಿ ನಿಲ್ಲಿಸಿ. ಮೇ ತಿಂಗಳಲ್ಲಿ ಹೀಟರ್ ಹಾಕುವುದು ಶಿಕ್ಷೆಯಂತೆ ಕಂಡರೂ ಎಂಜಿನ್ನಿನ ಶಾಖ ಆ ದಾರಿಯಿಂದಲೂ ಹೊರಹೋಗುತ್ತದೆ. ಕೆಂಪು ಮುಟ್ಟಿದ ಮೇಲೆ "ಇನ್ನು ಐದೇ ಕಿಲೋಮೀಟರ್" ಎಂದು ಓಡಿಸಿದರೆ ಸಿಲಿಂಡರ್ ಹೆಡ್ ಸೊಟ್ಟಾಗುತ್ತದೆ. ಬಿಸಿ ರೇಡಿಯೇಟರಿನ ಮುಚ್ಚಳ ತೆರೆಯಬಾರದು. ಒತ್ತಡದಲ್ಲಿರುವ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಒಂದು ಗಂಟೆಯಾದರೂ ಕಾಯಿರಿ.

ತಣ್ಣಗಾದ ಮೇಲೆ ಕೂಲಂಟ್ ಮಟ್ಟ, ಹೋಸು, ಬೆಲ್ಟು ನೋಡಿ. ಅವು ಸರಿಯಿದ್ದರೆ ಟಾರ್ಚು ಹಿಡಿದು ಎಸಿ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವಿನ ಸಂದಿಯನ್ನು ನೋಡಿ. ಮುಂದಿನಿಂದ ಶುದ್ಧವಾಗಿ ಕಾಣುವ ಗಾಡಿಯಲ್ಲೂ ಈ ಸಂದಿಯಲ್ಲಿ ಮಣ್ಣು, ಹೊಟ್ಟು, ಹತ್ತಿಯ ಎಳೆ ಕಂಬಳಿಯಂತೆ ಕೂತಿರುತ್ತವೆ. ಎಂಜಿನ್ ಕಡೆಯಿಂದ ಹೊರಕ್ಕೆ, ಮೆಲ್ಲನೆಯ ನೀರಿನಿಂದ ತೊಳೆಯಿರಿ. ರಭಸದ ನೀರು ರೆಕ್ಕೆಗಳನ್ನು ಮಡಿಸುತ್ತದೆ. ಆ ಬಳಿಕ ಎಂಜಿನ್ ಆರಿರುವಾಗ ಫ್ಯಾನನ್ನು ಕೈಯಿಂದ ತಿರುಗಿಸಿ. ವಿಸ್ಕಸ್ ಕ್ಲಚ್ಚಿನ ಫ್ಯಾನು ತುಸು ತಡೆದು ನಿಲ್ಲಬೇಕು. ಗಿರಗಿಟ್ಟಲೆಯಂತೆ ಹಲವು ಸುತ್ತು ತಿರುಗಿದರೆ ಫ್ಯಾನಿನ ಆ ಕ್ಲಚ್ಚು ಸತ್ತಿದೆ. ಊರೊಳಗೆ ನಿಧಾನ ಓಡುವಾಗ ಬಿಸಿಯಾಗಿ ಹೆದ್ದಾರಿಯಲ್ಲಿ ಸರಿಯಾಗುವ ಗಾಡಿಗೆ ಇದೇ ಕಾರಣ ಹೆಚ್ಚು. ಹೆದ್ದಾರಿಯಲ್ಲೇ ಬಿಸಿಯಾಗುವುದಾದರೆ ರೇಡಿಯೇಟರ್ ಒಳಗೆ ಕಟ್ಟಿದೆ.

ಒಳಗೆ ಕಟ್ಟುವುದಕ್ಕೆ ನಮ್ಮ ನೀರೇ ಕಾರಣ. ಸುಣ್ಣಕಲ್ಲಿನ ನೆಲದ ಕೊಳವೆಬಾವಿಯ ನೀರು ಅಡುಗೆಮನೆಯ ಪಾತ್ರೆಗೆ ಹಚ್ಚುವ ಬಿಳಿ ಪದರವನ್ನೇ ರೇಡಿಯೇಟರಿಗೂ ಹಚ್ಚುತ್ತದೆ. ಕೂಲಂಟಿಗೆ ಬೆರೆಸಲು ಬ್ಯಾಟರಿ ನೀರನ್ನೇ (ಡಿಸ್ಟಿಲ್ಡ್ ವಾಟರ್, ಆಸಿಡ್ ಅಲ್ಲ) ಬಳಸಿ. ಎಂಜಿನ್ ಓಡುವಾಗ ಕೂಲಂಟ್ ಡಬ್ಬಿಯಲ್ಲಿ ಗುಳ್ಳೆಗಳು ನಿಲ್ಲದೆ ಏಳುತ್ತಿದ್ದರೆ, ಅಥವಾ ಡಿಪ್ ಸ್ಟಿಕ್ಕಿನ ಎಣ್ಣೆ ಮಜ್ಜಿಗೆಯ ಬಣ್ಣಕ್ಕೆ ತಿರುಗಿದ್ದರೆ ಮನೆಯ ಪರೀಕ್ಷೆ ಅಲ್ಲಿಗೆ ಮುಗಿಯಿತು.

ಸ್ಟೀರಿಂಗ್ ನಡುಗುತ್ತದೆ

ಮೊದಲು ರಿಮ್ಮಿನ ಒಳಮೈ ತೊಳೆಯಿರಿ, ಅದರ ಕಥೆ ಆಗಲೇ ಹೇಳಿದ್ದೇನೆ. ನಂತರ ಹವಾ, ಟೈರಿನ ಉಬ್ಬು, ಬ್ಯಾಲೆನ್ಸಿಂಗ್. ಆಮೇಲಷ್ಟೇ ಟೈ ರಾಡ್, ಬಾಲ್ ಜಾಯಿಂಟ್, ಗಾಲಿಯ ಬೇರಿಂಗ್. ಬ್ರೇಕ್ ತುಳಿದಾಗ ಮಾತ್ರ ನಡುಗಿದರೆ ಡಿಸ್ಕು ಸೊಟ್ಟಾಗಿದೆ.

ಫೋರ್ ವೀಲ್ ಬೀಳುವುದಿಲ್ಲ, ಅಥವಾ ಬಿದ್ದದ್ದು ಬಿಡುವುದಿಲ್ಲ

ಬಿಡುವುದಿಲ್ಲ ಎಂಬ ದೂರಿಗೆ ಹೆಚ್ಚಾಗಿ ಕಾರಣ ದೋಷವಲ್ಲ, ಬಳಕೆ. ಇಂಥ ಗಾಡಿಗಳಲ್ಲಿ ಮುಂದಿನ ಹಿಂದಿನ ಶಾಫ್ಟುಗಳ ನಡುವೆ, ಅವನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇರುವುದಿಲ್ಲ. ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕು. ತಿರುವಿನಲ್ಲಿ ಮುಂದಿನ ಗಾಲಿಗಳು ಹೆಚ್ಚು ದೂರ ಓಡುತ್ತವೆ. ಮಣ್ಣಿನಲ್ಲಿ ಗಾಲಿ ಜಾರಿ ಆ ವ್ಯತ್ಯಾಸ ಕಳೆಯುತ್ತದೆ, ಒಣ ಡಾಂಬರಿನಲ್ಲಿ ಕಳೆಯದೆ ಇಡೀ ಗೇರು ವ್ಯವಸ್ಥೆ ಹಗ್ಗದಂತೆ ಹೊಸೆದುಕೊಳ್ಳುತ್ತದೆ. ಹಾಗೆ ಸಿಕ್ಕಿಕೊಂಡರೆ ಲಿವರನ್ನು ಗುದ್ದಬೇಡಿ. ಸ್ಟೀರಿಂಗ್ ನೆಟ್ಟಗಿಟ್ಟು ಐದಾರು ಮೀಟರ್ ಹಿಂದಕ್ಕೆ ಓಡಿಸಿದರೆ ಬಿಗಿ ಸಡಿಲಿ ಬಿಡುತ್ತದೆ. ಎರಡು ಹೊಸ, ಎರಡು ಸವೆದ ಟೈರು ಹಾಕಿದ ಗಾಡಿಯಲ್ಲೂ ಇದೇ ತೊಂದರೆ ಬರುತ್ತದೆ, ಏಕೆಂದರೆ ಸವೆದ ಟೈರಿನ ಸುತ್ತಳತೆ ಕಡಿಮೆ.

ಬೀಳುವುದಿಲ್ಲ, ದೀಪ ಮಿಣುಕುತ್ತಲೇ ಇದೆ ಎಂದರೆ ಮೊದಲು ಫ್ಯೂಸು, ಆಮೇಲೆ ಮುಂದಿನ ಹಿಂದಿನ ಗಾಲಿಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನ ಮೇಲಿನ ಮೋಟಾರಿನ ಪ್ಲಗ್ಗು; ಅದಕ್ಕೆ ಮಣ್ಣು ನೀರು ಸೇರಿರುತ್ತದೆ. ಲೋ ರೇಂಜಿಗೆ ಹಾಕಲು ಗಾಡಿ ನಿಂತಿರಬೇಕು, ಕ್ಲಚ್ಚು ತುಳಿದಿರಬೇಕು ಅಥವಾ ನ್ಯೂಟ್ರಲ್‌ನಲ್ಲಿರಬೇಕು. ವರ್ಷಕ್ಕೊಮ್ಮೆ ಮಾತ್ರ ಬಳಸುವ ಗಾಡಿಯಲ್ಲಿ ಮೋಟಾರೂ ಲಿವರೂ ಜಡ್ಡುಗಟ್ಟುತ್ತವೆ. ತಿಂಗಳಿಗೊಮ್ಮೆ ಬಂಡಿದಾರಿಯಲ್ಲಿ ಎರಡು ಕಿಲೋಮೀಟರ್ ಫೋರ್ ವೀಲಿನಲ್ಲಿ ಓಡಿಸಿದರೆ ಈ ಬಿಲ್ಲು ಬರುವುದೇ ಅಪರೂಪ.

ಕೆಳಗಿನ ಸದ್ದುಗಳಲ್ಲಿ, ಸ್ಟೀರಿಂಗ್ ಪೂರ್ತಿ ತಿರುಗಿಸಿ ಹೊರಟಾಗ 'ಕಟ್ ಕಟ್' ಎಂದರೆ ಮುಂದಿನ ಸಿವಿ ಜಾಯಿಂಟು (ಹೊರಳುವ ಗಾಲಿಗೂ ಶಕ್ತಿ ಒಯ್ಯುವ ಕೀಲು). ಅದರ ರಬ್ಬರ್ ಚೀಲ ಹರಿದ ವಾರದಲ್ಲೇ ಬದಲಿಸಿದ್ದರೆ ಜಾಯಿಂಟು ಉಳಿಯುತ್ತಿತ್ತು. ಗೇರು ಹಾಕಿ ಹೊರಡುವ ಕ್ಷಣಕ್ಕೆ 'ಠಣ್' ಎಂದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸು. ಗ್ರೀಸ್ ನಿಪ್ಪಲ್ ಇದ್ದರೆ ಮೊದಲು ಗ್ರೀಸು ಹೊಡೆಸಿ ನೋಡಿ. ವೇಗದೊಂದಿಗೆ ಏರುವ ಊಳಿಡುವ ಸದ್ದು ಆಕ್ಸಿಲರೇಟರ್ ಬಿಟ್ಟಾಗ ಬದಲಾದರೆ ಕ್ರೌನ್ (ಎರಡು ಗಾಲಿಗಳ ನಡುವಿನ ಆಕ್ಸಲ್ ಗೇರು), ಗಾಡಿ ಎಡಬಲಕ್ಕೆ ವಾಲಿದಾಗ ಬದಲಾದರೆ ಗಾಲಿಯ ಬೇರಿಂಗ್.

ನೀರು ದಾಟಿದ ಮೇಲೆ

2020ರ ಅಕ್ಟೋಬರಿನಲ್ಲಿ ಭೀಮಾ ನದಿ ದಂಡೆಯ ಊರುಗಳನ್ನು ಮುಳುಗಿಸಿದ್ದನ್ನು ಕಂಡವರಿಗೂ, ಮಳಖೇಡದ ಹತ್ತಿರ ಕಾಗಿಣಾ ಸೇತುವೆಯ ಮೇಲೆ ಹರಿಯುವುದನ್ನು ನೋಡಿದವರಿಗೂ ಹೇಳಬೇಕಾದದ್ದು ಇದು: ಹರಿಯುವ ನೀರಿನಲ್ಲಿ ಫೋರ್ ವೀಲ್ ಡ್ರೈವ್ ಯಾವ ರಕ್ಷಣೆಯೂ ಅಲ್ಲ, ಗಾಡಿ ತೇಲಿದ ಮೇಲೆ ನಾಲ್ಕು ಗಾಲಿಗೂ ಹಿಡಿಯಲು ನೆಲವಿರುವುದಿಲ್ಲ. ನಿಂತ ನೀರಿನಲ್ಲೂ ಆಳ ಗಾಲಿಯ ನಡುಮಟ್ಟ ದಾಟಿದರೆ ಹಿಂದಿರುಗಿ.

ನೀರಿನ ನಡುವೆ ಎಂಜಿನ್ ತಾನಾಗಿ ನಿಂತರೆ ಮತ್ತೆ ಸೆಲ್ಫ್ ಹೊಡೆಯಬಾರದು. ಸಿಲಿಂಡರಿಗೆ ನೀರು ಹೋಗಿದ್ದರೆ, ನೀರು ಕುಗ್ಗುವ ವಸ್ತುವಲ್ಲವಾದ್ದರಿಂದ, ಕನೆಕ್ಟಿಂಗ್ ರಾಡೇ ಬಾಗುತ್ತದೆ. ಎಳೆಸಿ ಹೊರತಂದು ಏರ್ ಫಿಲ್ಟರ್ ತೆರೆದು ನೋಡಿ; ಅದು ಒದ್ದೆಯಾಗಿದ್ದರೆ ಇಂಜೆಕ್ಟರ್ ಅಥವಾ ಹೀಟರ್ ಪ್ಲಗ್ ಬಿಚ್ಚಿ ನೀರು ಹೊರಹಾಕುವ ಕೆಲಸ ಮಿಸ್ತ್ರಿಯದು. ವಿಮೆ ಇದ್ದವರು ಎಂಜಿನ್ ರಕ್ಷಣೆಯ ಕಲಮು ತಮ್ಮ ಪಾಲಿಸಿಯಲ್ಲಿ ಇದೆಯೇ ಎಂದು ಮಳೆಗಾಲಕ್ಕೆ ಮೊದಲೇ ನೋಡಿಕೊಂಡಿರಲಿ, ಸಾಮಾನ್ಯವಾಗಿ ಅದನ್ನು ಬೇರೆಯಾಗಿ ಕೊಳ್ಳಬೇಕಾಗುತ್ತದೆ.

ಗಾಡಿ ನಿಲ್ಲದೆ ದಾಟಿದ್ದರೂ ಕೆಲಸ ಉಳಿದಿದೆ. ಓಡಿ ಬಿಸಿಯಾದ ಕ್ರೌನ್ ಡಬ್ಬಿ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಉಸಿರುಕೊಳವೆ ಕಟ್ಟಿದ್ದರೆ ಸೀಲಿನ ಅಂಚಿನಿಂದ ನೀರನ್ನು ಒಳಗೆಳೆಯುತ್ತದೆ. ಒಂದೆರಡು ದಿನದೊಳಗೆ ಕ್ರೌನ್ ಮತ್ತು ಟ್ರಾನ್ಸ್‌ಫರ್ ಕೇಸಿನ ತುಂಬುವ ಬೋಲ್ಟು ತೆರೆದು ಬೆರಳು ಅದ್ದಿ ನೋಡಿ. ಎಣ್ಣೆ ಜೇನಿನ ಬಣ್ಣದಲ್ಲಿದ್ದರೆ ಮುಚ್ಚಿ, ಹಾಲು ಬೆರೆತ ಚಹಾದಂತಿದ್ದರೆ ಅದೇ ದಿನ ಬದಲಿಸಿ. ಕ್ರಾಸುಗಳಿಗೆ ಹೊಸ ಗ್ರೀಸು ಹೊಡೆದು ಹಳೆಯ ಗ್ರೀಸು ನೀರಿನೊಂದಿಗೆ ಹೊರಬರುವವರೆಗೆ ಒತ್ತಿ. ಬ್ರೇಕನ್ನು ನಿಧಾನ ವೇಗದಲ್ಲಿ ನಾಲ್ಕೈದು ಸಲ ತುಳಿದು ಒಣಗಿಸಿ. ಇಷ್ಟಾದ ಮೇಲೆ, ಮಣ್ಣು ಇನ್ನೂ ಹಸಿಯಿರುವಾಗಲೇ, ನಾಲ್ಕೂ ರಿಮ್ಮುಗಳ ಒಳಮೈಗೆ ನೀರು ಬಿಡಿ.